ಇನ್ನೊಂದು ಹಿಡಿ

ಇನ್ನೂ ಸ್ವಲ್ಪ ಉಪ್ಪು ಬೇಕು ಎಂದು ಮಧ್ಯಾಹ್ನ ತಾನು ಯಾಕೆ ಹೇಳಿದೆ ಎಂಬುದು ಅವನಿಗೆ ಬಗೆಹರಿದಿರಲಿಲ್ಲ. ಹೇಳದಿದ್ದರೂ ನಡೆಯುತ್ತಿತ್ತು. ಸೌಟಿನ ತುದಿಯನ್ನು ತುಟಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಇಷ್ಟು ದಿನದ ಹಾಗೆ 'ಸರಿಯಾಗಿದೆ' ಎಂದು ಹೇಳಿ ಹೊರಟುಬಿಟ್ಟಿದ್ದರೆ, ಈಗ ಬೀದಿಯಲ್ಲಿ, ಮನೆಯಿಂದ ಮನೆಗೆ ಎಳೆದು ಕಟ್ಟಿದ ಹಳದಿ ದೀಪಗಳ ಕೆಳಗೆ ನಿಂತು, ತಟ್ಟೆ ಹಿಡಿದವರ ಬಾಯಿಯನ್ನು ಕದ್ದು ಕದ್ದು ನೋಡುವ ಪಾಡು ಬರುತ್ತಿರಲಿಲ್ಲ. ಮೊದಲ ತಟ್ಟೆ ಹೋದದ್ದು ಎದುರು ಮನೆಯ ದರ್ಜಿಗೆ. ದರ್ಜಿ ಬ್ರೆಡ್ಡಿನ ತುಂಡನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ, ಅಗಿದ, ಅಗಿಯುವುದನ್ನು ನಿಲ್ಲಿಸಿದ. ಅವನ ಹುಬ್ಬುಗಳು ಹತ್ತಿರ ಬಂದು ಮತ್ತೆ ದೂರ ಸರಿದವು. ಆಮೇಲೆ ಬಹಳ ಚೆನ್ನಾಗಿದೆ ಅಕ್ಕ ಎಂದು ತಲೆಯಾಡಿಸಿ, ತಟ್ಟೆಯನ್ನು ಹಿಡಿದುಕೊಂಡೇ ವೈನಿನ ಪೀಪಾಯಿಗಳ ಕಡೆಗೆ ಬೇಗ ಬೇಗ ನಡೆದ. ಬಡಿಸುತ್ತಿದ್ದ ಹೆಂಡತಿ ಇವನ ಕಡೆ ತಿರುಗಿ ನಕ್ಕಳು. ಅವನೂ ನಕ್ಕ.

ವರ್ಷಕ್ಕೊಂದು ಸಂಜೆ ಆ ಬೀದಿಗೆ ಗಾಡಿಗಳು ಬರುವಂತಿರಲಿಲ್ಲ. ದ್ರಾಕ್ಷಿಯ ಕೊಯ್ಲು ಮುಗಿದು ಹೊಸ ವೈನು ಪೀಪಾಯಿಗೆ ಬಿದ್ದ ಮೇಲೆ ಮನೆಮನೆಯವರೂ ತಮ್ಮ ಊಟದ ಮೇಜನ್ನೇ ಎತ್ತಿ ತಂದು ಬಾಗಿಲ ಮುಂದೆ ಹಾಕುತ್ತಿದ್ದರು. ಯಾರಿಗೆ ಯಾವ ಅಡುಗೆ ಕೈಹಿಡಿದಿದೆಯೋ ಅದನ್ನು ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟು ಬಂದವರಿಗೆಲ್ಲ ಬಡಿಸುವುದು. ಬೀದಿಯ ತುದಿಯ ವೈನ್ ಕಾರ್ಖಾನೆಯವರು ಪೀಪಾಯಿಗಳನ್ನು ಉರುಳಿಸಿಕೊಂಡು ಬಂದು ಲೋಟ ಲೋಟ ಹಂಚುವುದು. ಮಾರಾಟಕ್ಕಲ್ಲ, ಮರ್ಯಾದೆಗೆ. ಯಾರ ಪಾತ್ರೆ ಮೊದಲು ಖಾಲಿಯಾಯಿತು, ಯಾರದ್ದು ಉಳಿಯಿತು ಎಂಬ ಸುದ್ದಿ ಮರುದಿನ ಕ್ಷೌರದ ಕುರ್ಚಿಯಿಂದ ಶಾಲೆಯ ಗೇಟಿನ ತನಕ ಓಡಾಡುತ್ತಿತ್ತು; ಒಮ್ಮೆ ಯಾರೋ ಒಬ್ಬಾಕೆ ಬಡಿಸಿದ ಅಂಬಲಿಯಂಥ ಪಾಯಸದ ಮಾತು ಆಕೆ ಊರು ಬಿಟ್ಟು ಹೋದರೂ ಇನ್ನೂ ಸತ್ತಿರಲಿಲ್ಲ. ಇಷ್ಟು ವರ್ಷ ಈ ಗಂಡಹೆಂಡತಿಯ ಬಾಗಿಲ ಮುಂದೆ ಮಾತ್ರ ಮೇಜು ಇರುತ್ತಿರಲಿಲ್ಲ. ಅವಳು ಆ ಸಂಜೆಗಳಲ್ಲಿ ಅಕ್ಕಪಕ್ಕದವರ ಮೇಜಿನ ಹಿಂದೆ ನಿಂತು ತಟ್ಟೆ ಒರೆಸಿಕೊಡುತ್ತಿದ್ದಳು. ನೀವ್ಯಾಕೆ ಏನೂ ಮಾಡಲ್ಲ ಎಂದು ಯಾರಾದರೂ ಕೇಳಿದರೆ, ನಾಲಿಗೆಯ ಹೆಂಡತಿಯಾಗಿ ಅಡುಗೆ ಮಾಡಿ ಬಡಿಸುವಷ್ಟು ಧೈರ್ಯ ನನಗಿಲ್ಲಪ್ಪ ಎಂದು ನಗೆಯಲ್ಲಿ ತೇಲಿಸಿಬಿಡುತ್ತಿದ್ದಳು.

ನಾಲಿಗೆ ಎಂದರೆ ಅವನೇ. ಕಾರ್ಖಾನೆಯ ರುಚಿಗಾರ. ಬಿಳಿ ಟೈಲ್ಸ್ ಗೋಡೆಯ ಒಂದು ತಣ್ಣನೆಯ ಕೋಣೆಯಲ್ಲಿ ಬೆಳಗಿನ ಹೊತ್ತು, ಬರಿಹೊಟ್ಟೆಯಲ್ಲಿ, ಪೀಪಾಯಿ ಪೀಪಾಯಿಯ ವೈನನ್ನು ಬಾಯಿಗೆ ಹಾಕಿ, ಮುಕ್ಕಳಿಸಿ, ಉಗಿದು, ಇದು ಇನ್ನೂ ಕಾಯಲಿ, ಇದನ್ನು ಅದಕ್ಕೆ ಬೆರೆಸಿ ಎಂದು ಹೇಳುವುದು ಅವನ ಕೆಲಸ. ಉಗಿಯುವುದಕ್ಕೇ ಸಂಬಳ ತಗೊಳ್ಳುವ ಒಬ್ಬನೇ ಮನುಷ್ಯ ಎಂದು ಮಾಲೀಕರು ಬಂದ ಅತಿಥಿಗಳಿಗೆಲ್ಲ ಅವನನ್ನು ತೋರಿಸುತ್ತಿದ್ದರು. ಚಳಿಗಾಲದಲ್ಲಿ ಜ್ವರ ಬಂತು. ಎಲ್ಲರಿಗೂ ಬಂದ ಹಾಗೆ ಬಂದು ಎಲ್ಲರಿಗೂ ಬಿಟ್ಟ ಹಾಗೆ ಬಿಟ್ಟಿತು. ಎದ್ದ ದಿನ ಕಾಫಿ ಬಿಸಿನೀರಿನ ಹಾಗಿತ್ತು. ಹೆಂಡತಿ ಪುಡಿ ಹಾಕುವುದನ್ನೇ ಮರೆತಿದ್ದಾಳೆ ಎಂದುಕೊಂಡು ಲೋಟದೊಳಗೆ ನೋಡಿದ. ಕಪ್ಪಗೆ ಇತ್ತು. ಬಚ್ಚಲಿಗೆ ಹೋಗಿ ಸೋಪನ್ನು ನೆಕ್ಕಿದ. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಒಂದು ಚಮಚ ಉಪ್ಪು, ಆಮೇಲೆ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡ. ಎರಡೂ ಮರಳು. ವಾರದಲ್ಲಿ ಬಂದೀತು, ತಿಂಗಳಲ್ಲಿ ಬಂದೀತು ಎಂದು ಕಾದ. ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಮೊದಲು ಹೇಳದೆ ಇದ್ದದ್ದು ಕೆಲಸ ಹೋದೀತೆಂಬ ಹೆದರಿಕೆಗೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾರು ಎಂಬ ನಾಚಿಕೆಗೆ. ಕೋಣೆಯಲ್ಲಿ ಅವನ ಎದುರಿಗೆ ಪ್ರಯೋಗಾಲಯದಾಕೆ ಕೂರುತ್ತಿದ್ದಳು. ಹುಳಿ ಎಷ್ಟು, ಸಕ್ಕರೆ ಎಷ್ಟು ಎಂದು ಅಳೆದು ಹೇಳುವುದು ಅವಳ ಕೆಲಸವಾದರೂ ಅವಳೂ ಒಂದು ಗುಟುಕು ಬಾಯಿಗೆ ಹಾಕುತ್ತಿದ್ದಳು. ಅವಳ ಎಡಹುಬ್ಬು ಮೇಲೆ ಹೋದರೆ ಹುಳಿ. ಕೆಳತುಟಿ ಒಳಗೆ ಹೋದರೆ ಒಗರು. ಅದನ್ನು ನೋಡಿಕೊಂಡು, ಅವಳು ಬಾಯಿ ತೆರೆಯುವ ಮೊದಲೇ ತೀರ್ಪು ಕೊಟ್ಟುಬಿಡುತ್ತಿದ್ದ. ಇಡೀ ಬೇಸಿಗೆ ಒಬ್ಬ ಹೆಂಗಸಿನ ಹುಬ್ಬಿನ ಮೇಲೆ ಸಂಸಾರ ಸಾಗಿತ್ತು.

ಇನ್ನೊಂದು ತಟ್ಟೆ, ಶಾಲೆಯ ಮೇಷ್ಟ್ರಿಗೆ. ಮೇಷ್ಟ್ರು ತಿಂದರು, ಕೆಮ್ಮಿದರು, ಹೊಗೆ ಎಂದರು. ಹೊಗೆ ಎಲ್ಲೂ ಇರಲಿಲ್ಲ. ಅವರ ಹೆಂಡತಿ ಮೇಷ್ಟ್ರ ತಟ್ಟೆಯಿಂದ ಒಂದು ಚೂರು ಎತ್ತಿಕೊಂಡು ಬಾಯಿಗಿಟ್ಟು, ಮೇಷ್ಟ್ರನ್ನು ನೋಡಿದಳು. ಇಬ್ಬರೂ ಬೇರೆ ಏನೋ ಮಾತು ತೆಗೆದರು. ಅವನಿಗೆ ಆಗಲೇ ಗೊತ್ತಾಯಿತು. ಗೊತ್ತಾಗಲು ನಾಲಿಗೆ ಬೇಕಾಗಿರಲಿಲ್ಲ. ತಿಂಗಳುಗಟ್ಟಲೆ ಮುಖ ಓದಿ ಓದಿ ಅವನು ಅದರಲ್ಲಿ ಪಳಗಿಬಿಟ್ಟಿದ್ದ. ಹೆಂಡತಿ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತ್ರೆಯ ತಳದಿಂದ ಕಾಳನ್ನೂ ಮಾಂಸವನ್ನೂ ಸಮಸಮ ಬರುವಂತೆ ಕಲಕಿ ಎತ್ತುತ್ತಿದ್ದಳು. ಆ ಸೀರೆ ಯಾವಾಗ ಕೊಂಡದ್ದು ಎಂದು ಅವನಿಗೆ ಗೊತ್ತಿರಲಿಲ್ಲ. ಈಗಲೇ ಹೋಗಿ ಅವಳ ಕಿವಿಯಲ್ಲಿ ಹೇಳಬೇಕು, ಪಾತ್ರೆಯನ್ನು ಒಳಗೆ ಸಾಗಿಸಬೇಕು, ಏನಾದರೊಂದು ನೆಪ ಹೇಳಬೇಕು ಎಂದುಕೊಂಡ. ಎಂದುಕೊಂಡು ತಟ್ಟೆಗಳನ್ನು ಜೋಡಿಸಿದ.

ಅವಳು ಅಡುಗೆಯ ರುಚಿ ನೋಡುತ್ತಿರಲಿಲ್ಲ. ಇದು ಹೊರಗಿನವರಿಗೆ ಹೇಳಿದರೆ ನಂಬುವ ಮಾತಲ್ಲ, ಆದರೆ ಆ ಮನೆಯಲ್ಲಿ ಅದು ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬಷ್ಟು ಮಾಮೂಲಿ ವಿಷಯ. ಮದುವೆಯಾದ ಹೊಸತರಲ್ಲಿ ಕಾರ್ಖಾನೆಯ ನಾಲ್ಕಾರು ಜನ ಊಟಕ್ಕೆ ಬಂದಿದ್ದರು. ಅವಳು ಬೆಳಗಿನಿಂದ ಒಲೆಯ ಮುಂದೆ ನಿಂತು ಮಾಡಿದ್ದಳು. ಅವನು ಮೊದಲ ತುತ್ತಿಗೇ ಕೈ ತಡೆದು, ಎಲ್ಲರಿಗೂ ಕೇಳುವ ಹಾಗೆ, ಈರುಳ್ಳಿ ಸೀದಿದೆ, ಅದನ್ನು ಮುಚ್ಚಲು ಆಮೇಲೆ ಬೆಲ್ಲ ಹಾಕಿದ್ದೀಯ, ಬೆಲ್ಲವನ್ನು ಮುಚ್ಚಲು ನಿಂಬೆಹಣ್ಣು ಎಂದು ಒಂದೊಂದಾಗಿ ಬಿಡಿಸಿ ಹೇಳಿದ್ದ. ಎಲ್ಲವೂ ನಿಜವಾಗಿತ್ತು. ಬಂದವರು ಮೇಜು ತಟ್ಟಿ ನಕ್ಕರು, ಹೆಂಡತಿ ಮಾಡಿದ ಗುಟ್ಟೆಲ್ಲ ನಾಲಿಗೆಯಲ್ಲಿ ಹಿಡಿದ ಎಂದರು. ಆ ಹೆಸರು ಅಂಟಿಕೊಂಡದ್ದೇ ಅವತ್ತು. ಅವಳೂ ನಕ್ಕಿದ್ದಳು. ಮರುದಿನದಿಂದ ಒಲೆ ಆರಿಸುವ ಮುಂಚೆ ಸೌಟು ಹಿಡಿದು ಅವನ ಹತ್ತಿರ ಬರತೊಡಗಿದಳು. ಅವನು ಹೇಳಿದಷ್ಟು ಹಾಕುವಳು. ನೀನೂ ಒಂದು ಚೂರು ನೋಡು ಎಂದರೆ, ನನ್ನ ನಾಲಿಗೆಗೇನು ಗೊತ್ತು ಎನ್ನುವಳು. ಅದನ್ನು ಅವನು ಗೌರವ ಎಂದುಕೊಂಡಿದ್ದ. ಎಷ್ಟೋ ವರ್ಷ, ಹಾಯಾಗಿ, ಗೌರವ ಎಂದೇ ಅಂದುಕೊಂಡಿದ್ದ. ಇನ್ನೊಂದು ಚಿಟಿಕೆ, ಸ್ವಲ್ಪ ಹುಳಿ, ಇವತ್ತು ಖಾರ ಮುಂದಾಯಿತು. ಏನೂ ಹೇಳದ ದಿನ ಇರಲಿಲ್ಲ.

ಜ್ವರದ ನಂತರ ಅವನು ಸರಿಯಾಗಿದೆ ಎಂದು ಹೇಳತೊಡಗಿದ. ಬೇರೆ ದಾರಿಯೇ ಇರಲಿಲ್ಲ. ಮೊದಲ ಸಲ ಹೇಳಿದಾಗ ಅವಳು ಸೌಟನ್ನು ಹಾಗೇ ಹಿಡಿದು ನಿಂತು, ಏನು ಎಂದು ಇನ್ನೊಮ್ಮೆ ಕೇಳಿದಳು. ಸರಿಯಾಗಿದೆ ಅಂದೆ ಎಂದ. ಅವಳು ಹಿಂದಕ್ಕೆ ತಿರುಗಿ ಒಲೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಸಂಜೆ ಅವಳು ತನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವಾಗ ಗೋಡೆಯಾಚೆಯಿಂದ ಮೀನು, ಏನೂ ಹೇಳಲೇ ಇಲ್ಲ, ಒಂದು ಚಿಟಿಕೆಯೂ ಇಲ್ಲ ಎಂಬ ತುಂಡು ಮಾತುಗಳು ಕೇಳಿಸಿದ್ದವು. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಂಡೂ ಒಳಗೆ ಬಿಟ್ಟುಕೊಳ್ಳಲಿಲ್ಲ. ದಿನ ಕಳೆದ ಹಾಗೆ ಅವಳ ಕೈ ಸಡಿಲವಾಯಿತು. ಅಡುಗೆಮನೆಯಲ್ಲಿ ಗುನುಗತೊಡಗಿದಳು. ಹೊಸ ಹೊಸದು ಮಾಡಿದಳು. ಸಾರಿಗೆ ವೈನು ಹಾಕಿ ಮಾಂಸ, ಕಾಳು ನಿಧಾನ ಬೇಯಿಸುವುದನ್ನು ತಾನೇ ಯೋಚಿಸಿ ಕಂಡುಹಿಡಿದಳು. ಅವನು ಅದನ್ನು ಬೆಚ್ಚಗಿನ ಮೆತ್ತನೆಯ ಏನೋ ಒಂದು ಎಂದಷ್ಟೇ ತಿಳಿದು ಎರಡೆರಡು ಸಲ ಬಡಿಸಿಕೊಂಡ. ಎರಡು ಸಲ ಬಡಿಸಿಕೊಂಡರೆ ಅನುಮಾನ ಬರುವುದಿಲ್ಲ ಎಂಬ ಲೆಕ್ಕಾಚಾರ ಅದು. ಈ ಸಲ ನಮ್ಮ ಬಾಗಿಲಿಗೂ ಮೇಜು ಹಾಕೋಣ ಎಂದು ಅವಳು ಅಂದ ದಿನ ಅವನು ಬೇಡ ಎನ್ನಲು ಹೊರಟ. ಆದರೆ ಅವಳು ಅನುಮತಿ ಕೇಳುವ ದನಿಯಲ್ಲಿ ಅದನ್ನು ಹೇಳಿರಲಿಲ್ಲ. ಹಾಕು ಎಂದ.

ಇವತ್ತು ಮಧ್ಯಾಹ್ನ ಅವನು ಕಾರ್ಖಾನೆಯಿಂದ ಬರುವುದು ತಡವಾಯಿತು. ಅಡುಗೆಮನೆಯಲ್ಲಿ ಆವಿ ತುಂಬಿ ಕಿಟಕಿಯ ಗಾಜು ಬೆವರುತ್ತಿತ್ತು. ಅವಳು ಸಾರು ತುಂಬಿದ ಒಂದು ಸಣ್ಣ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಮೇಲ್ಮಹಡಿಯ ನರ್ಸಮ್ಮನಿಗೆ ಮಂಡಿ ಕೈಕೊಟ್ಟು ಮೆಟ್ಟಿಲಿಳಿಯಲಾಗುತ್ತಿರಲಿಲ್ಲ. ಹಗ್ಗ ಕಟ್ಟಿದ ಬುಟ್ಟಿಯನ್ನು ಬಾಲ್ಕನಿಯಿಂದ ಇಳಿಬಿಟ್ಟು, ತರಕಾರಿ, ಹಾಲು, ಯಾರಾದರೂ ಕೊಟ್ಟ ತಿಂಡಿ ಎಲ್ಲವನ್ನೂ ಹಾಗೇ ಎಳೆದುಕೊಳ್ಳುತ್ತಿದ್ದರು. ನೀವು ನೋಡುವ ಮುಂಚೆಯೇ ತುಂಬಿಸಿದೆ, ಪಾಪ ಅವರು ಮಾತ್ರೆ ತಗೊಳ್ಳೋ ಹೊತ್ತು ಮೀರ್ತಿತ್ತು ಎಂದು ಅವಳು ತಪ್ಪೊಪ್ಪಿಕೊಂಡವಳ ಹಾಗೆ ಹೇಳಿ, ಡಬ್ಬಿಯನ್ನು ಹೊರಗೆ ಬುಟ್ಟಿಗೆ ಇಟ್ಟು ಬಂದಳು. ಆಮೇಲೆ ಸೌಟು ತುಂಬಿ ಅವನ ಮುಂದೆ ಹಿಡಿದಳು. ಹಿಡಿದು, ನಗುತ್ತ ಅಂದಳು:

"ಈಗೀಗ ನೀವು ಏನೂ ತಪ್ಪು ಹಿಡಿಯೋದೇ ಇಲ್ಲ. ವಯಸ್ಸಾಯ್ತಾ, ಇಲ್ಲಾ ನನ್ನ ಮೇಲೆ ಕರುಣೆನಾ?"

ತಮಾಷೆಯ ಮಾತು. ಆದರೆ ಅವನಿಗೆ ಸಿಕ್ಕಿಬಿದ್ದೆ ಎನಿಸಿತು. ಇವಳಿಗೆ ತಿಳಿದಿದೆ, ಇಲ್ಲವೇ ಇನ್ನೇನು ತಿಳಿಯುತ್ತದೆ. ಇವಳಿಗೆ ತಿಳಿದರೆ ಅಕ್ಕನಿಗೆ, ಅಕ್ಕನಿಂದ ಇಡೀ ಬೀದಿಗೆ. ಹಳೆಯ ನಾಲಿಗೆ ಇನ್ನೂ ಇದೆ ಎಂದು ತೋರಿಸಬೇಕಿತ್ತು. ತುಟಿ ಮುಟ್ಟಿಸಿ, ಕಣ್ಣು ಮುಚ್ಚಿ, ಹಿಂದಿನ ಆ ದೊಡ್ಡಸ್ತಿಕೆಯ ಮೌನವನ್ನೂ ಒಂದಿಷ್ಟು ಎಳೆದು, ಉಪ್ಪು ಸಾಲದು ಎಂದ. ಅವಳ ನಗು ಸ್ವಲ್ಪ ಸಣ್ಣದಾಯಿತು. ದೊಡ್ಡ ಪಾತ್ರೆ, ಅದಕ್ಕೇ ಅಂದಾಜು ತಪ್ಪಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಒಂದು ಹಿಡಿ ಹಾಕಿ ಕಲಕಿದಳು. ಮತ್ತೆ ಸೌಟು ಹಿಡಿದಳು. ಅಲ್ಲಿಗೆ ಸಾಕು ಎನ್ನಬಹುದಿತ್ತು. ಆದರೆ ಒಂದೇ ಸಲಕ್ಕೆ ಒಪ್ಪಿಬಿಡುವುದು ಹಳೆಯ ಅವನ ರೀತಿಯೇ ಅಲ್ಲ. ಇನ್ನೊಂದು ಹಿಡಿ ಎಂದ. ಹಾಗೆ ಹೇಳುವಾಗ ಅವನಿಗೆ ಒಂದು ಕ್ಷಣ ಸುಖವೇ ಆಗಿತ್ತು. ಈಗ ನೆನೆದರೆ ಮೈ ಮುದುಡುತ್ತಿದ್ದದ್ದು ಆ ಸುಖಕ್ಕೆ.

ಬೀದಿ ತುಂಬಿತು. ಯಾರೋ ಅಕಾರ್ಡಿಯನ್ ಬಾರಿಸತೊಡಗಿದರು. ಹುರಿದ ಮೀನಿನ ಮೇಜಿನ ಮುಂದೆ, ಸಿಹಿ ಹೋಳಿಗೆಗಳ ಮೇಜಿನ ಮುಂದೆ ಸಾಲುಗಳಿದ್ದವು. ಎಲ್ಲ ಮೇಜುಗಳಿಂದ ಹೊಗೆಯೂ ಆವಿಯೂ ಏಳುತ್ತಿದ್ದವು, ಜನ ಮೂಗರಳಿಸಿ ಆಹಾ ಎನ್ನುತ್ತಿದ್ದರು, ಅವನಿಗೆ ಬರೀ ಬಿಸಿ ಗಾಳಿ. ಅವರ ಮೇಜಿಗೂ ಜನ ಬಂದರು. ನಾಲಿಗೆಯ ಮನೆಯ ಅಡುಗೆ ಎಂದರೆ ಸುಮ್ಮನೆಯೇ ಎಂದು ಮೊದಲು ಇಲ್ಲಿಗೇ ಬಂದವರೂ ಇದ್ದರು. ಬಂದವರು ಎರಡನೆಯ ಸಲ ಬರಲಿಲ್ಲ. ಎಲ್ಲರೂ ಚೆನ್ನಾಗಿದೆ ಎಂದರು. ಎಲ್ಲರೂ ತಟ್ಟೆ ಹಿಡಿದುಕೊಂಡೇ ದೂರ ಹೋದರು. ಪೀಪಾಯಿಗಳ ಪಕ್ಕದಲ್ಲಿ, ಗೋಡೆಯ ಮೋಟು ಕಟ್ಟೆಯ ಮೇಲೆ, ಹೂಕುಂಡಗಳ ಮರೆಯಲ್ಲಿ ಅರ್ಧ ಉಳಿದ ತಟ್ಟೆಗಳು ಒಂದೊಂದಾಗಿ ಕಾಣಿಸಿಕೊಂಡವು. ಅವುಗಳನ್ನು ಅವಳು ನೋಡದ ಹಾಗೆ ಎತ್ತಿ ತರುವುದು, ಮನೆಯೊಳಗೆ ಹೋಗಿ ಸುರಿಯುವುದು ಅವನ ಕೆಲಸವಾಯಿತು. ಪಾತ್ರೆ ಬೇಗ ಖಾಲಿಯಾಗಲೆಂದು ತಾನೇ ತಟ್ಟೆ ಹಿಡಿದು ನಿಂತು ತಿಂದ. ಒಂದಾಯಿತು, ಇನ್ನೊಂದು ಎಂದ. ಅವಳು ಎಲ್ಲರೂ ನೋಡಲಿ ಎಂಬ ಹಾಗೆ ತುಂಬಿ ತುಂಬಿ ಬಡಿಸಿದಳು. ಗಂಟಲು ಉರಿಯುತ್ತಿತ್ತು, ತುಟಿಯ ಸೀಳಿನಲ್ಲಿ ಚುರುಗುಟ್ಟಿತು. ಉಪ್ಪು ಅವನ ಬಾಯಿಯಲ್ಲಿ ರುಚಿಯಾಗಿ ಅಲ್ಲ, ನೋವಾಗಿ ಮಾತ್ರ ತಿಳಿಯುತ್ತಿತ್ತು.

ಮೇಷ್ಟ್ರ ತಟ್ಟೆಯನ್ನು ಅವಳೇ ನೋಡಿದಳು. ಹೂಕುಂಡದ ಹಿಂದಿನಿಂದ ಎತ್ತಿ ತಂದು ಅವನ ಮುಂದೆ ಇಟ್ಟು, ಯಾಕೆ ಬಿಟ್ಟಿದ್ದಾರೆ ಎಂದು ಕೇಳಿದಳು. ಕೇಳಿದಳೇ ಹೊರತು ಬೆರಳನ್ನು ಅದ್ದಿ ನೋಡಲಿಲ್ಲ. ಆ ಬೆರಳು ತಟ್ಟೆಯ ಅಂಚಿನಲ್ಲೇ ಇತ್ತು. ಸಾರಿಗೂ ಅದಕ್ಕೂ ನಡುವೆ ಏನೂ ಇರಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವರಿಗೆಲ್ಲ ರುಚಿ ಎಲ್ಲಿ ಗೊತ್ತು ಎಂದ ಅವನು. ಮಾತು ಬಾಯಿಯಿಂದ ಬಿದ್ದ ಮೇಲೆ ಅದು ಎಷ್ಟು ಹೊಲಸು ಎಂದು ಹೊಳೆಯಿತು. ಅವಳು ನಂಬಿ ತಲೆಯಾಡಿಸಿದಳು.

ಮಾಲೀಕರು ಬಂದದ್ದು ಆಗ. ಜೊತೆಗೆ ಪಟ್ಟಣದಿಂದ ಬಂದ ಅತಿಥಿಗಳು, ಹಿಂದೆ ಅರ್ಧ ಬೀದಿ, ಎಲ್ಲರ ಕೈಯಲ್ಲೂ ಲೋಟ. ಮಾಲೀಕರು ಒಳ್ಳೆಯ ಮನುಷ್ಯರೇ. ಕುಡಿದಾಗ ದನಿ ಏರುತ್ತಿತ್ತು, ಅಷ್ಟೇ. ಅವರು ಅವಳಿಗೆ ಕೈಮುಗಿದು ಹೇಳಿದರು:

"ಅಮ್ಮಾ, ನಿಮ್ಮ ಉಪಕಾರ ಮರೆಯೋ ಹಾಗಿಲ್ಲ. ನಿಮ್ಮ ಸಾರು ತಿಂದವರೆಲ್ಲ ನೆಟ್ಟಗೆ ನನ್ನ ಪೀಪಾಯಿ ಹತ್ರ ಓಡಿ ಬರ್ತಿದ್ದಾರೆ. ಒಂದು ಲೋಟಕ್ಕೆ ನಿಲ್ತಿಲ್ಲ."

ಅವಳಿಗೆ ಅದು ಹೊಗಳಿಕೆ ಎನಿಸಿತು. ಮುಖ ಕೆಂಪಗಾಯಿತು. ಸಾರಿಗೂ ಇದೇ ವೈನ್ ಹಾಕಿದ್ದೀನಿ, ಅದಕ್ಕೆ ಹೊಂದಿಕೊಳ್ಳುತ್ತೇನೋ ಎಂದಳು. ಯಾರೋ ಹಿಂದಿನಿಂದ, ಹೊಂದ್ಕೊಳ್ಳೋದಲ್ಲಮ್ಮ, ದಾಹ ತಡೀಬೇಕಲ್ಲ ಎಂದರು. ಮೊದಲು ಒಬ್ಬರು ಮೂಗಿನಲ್ಲಿ ನಕ್ಕರು, ಆಮೇಲೆ ತಡೆದುಕೊಂಡಿದ್ದವರೆಲ್ಲ. ದರ್ಜಿ ನಗಲಿಲ್ಲ, ನೆಲ ನೋಡಿದ. ಅದು ನಗುವುದಕ್ಕಿಂತ ಕಷ್ಟವಾಗಿತ್ತು. ನಮ್ಮ ನಾಲಿಗೆ ಇರೋ ಮನೇಲೇ ಉಪ್ಪಿನ ಗಣಿ ತೋಡಿದ್ದೀರಲ್ಲ, ಇವನು ಒಂದು ಹನಿ ಹುಳಿ ಹೆಚ್ಚಾದ್ರೆ ನನ್ನ ಪೀಪಾಯಿಯನ್ನೇ ಬೇಡ ಅಂತಾನೆ ಎಂದು ಮಾಲೀಕರು ಅವನ ಭುಜ ಹಿಡಿದು ಅಲ್ಲಾಡಿಸಿದರು. ಅವನು ಹೆಂಡತಿಯನ್ನು ನೋಡಿದ. ಅವಳ ಮುಖ ಒಂದೇ ಕ್ಷಣದಲ್ಲಿ ಹಳೆಯ ಊಟದ ಮೇಜಿನ ಮುಖವಾಗಿತ್ತು. ಅದೇ ನಗು, ಅದೇ ಹಲ್ಲು, ಕಣ್ಣು ಮಾತ್ರ ಎಲ್ಲೋ. ಅವತ್ತು ಅವನು ಆ ಮುಖವನ್ನು ಕಂಡೇ ಇರಲಿಲ್ಲ ಎಂಬುದು ಅವನಿಗೆ ಈಗ ತಿಳಿಯಿತು. ಅವಳು ಸೌಟನ್ನು ಪಾತ್ರೆಯೊಳಗೆ ಮೆಲ್ಲಗೆ ಬಿಟ್ಟು ಅಂದಳು:

"ನನ್ನ ಕೈ ಜಾಸ್ತಿ ಆಯ್ತು. ಇವರು ಸರಿಯಾಗೇ ಹೇಳಿದ್ರು."

ಅದು ಅವನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಭುಜದ ಮೇಲಿನ ಕೈ ಕೊಡವಿ, ಕೆಲಸ ಹೋದರೆ ಹೋಗಲಿ, ಹೆಸರು ಹೋದರೆ ಹೋಗಲಿ ಎಂಬ ಒಂದು ಬಿಸಿ ಉಸಿರಿನಲ್ಲಿ ಹೇಳಿಯೇಬಿಟ್ಟ:

"ಅವಳ ಕೈಯಲ್ಲ. ಹಾಕು ಅಂದಿದ್ದು ನಾನು, ಎರಡು ಸಲ. ನನಗೆ ರುಚಿ ಗೊತ್ತಾಗಲ್ಲ. ಜ್ವರ ಬಂದಾಗಿನಿಂದ ನಾಲಿಗೆ ಸತ್ತುಹೋಗಿದೆ. ಉಪ್ಪೂ ಇಲ್ಲ, ಹುಳಿಯೂ ಇಲ್ಲ, ಏನೂ ಇಲ್ಲ."

ಮಾಲೀಕರು ಬಾಯಿ ತೆರೆದು ಅವನನ್ನು ನೋಡಿದರು. ಆಮೇಲೆ ಅವರ ಇಡೀ ಮೈ ನಗತೊಡಗಿತು. ಗಂಡ ಅಂದ್ರೆ ಹೀಗಿರಬೇಕು ನೋಡ್ರಪ್ಪ ಎಂದರು ಅತಿಥಿಗಳಿಗೆ. ಹೆಂಡತಿ ಮರ್ಯಾದೆಗೆ ತನ್ನ ನಾಲಿಗೆಯನ್ನೇ ಕೊಯ್ದು ಕೊಡ್ತಾನೆ. ಇವತ್ತು ಬೆಳಗ್ಗೆ ಮೂಲೆಯ ಪೀಪಾಯಿಗೆ ಒಗರು ಹೆಚ್ಚು ಅಂದವನು ಇವನೇ, ಪ್ರಯೋಗಾಲಯದವರೂ ಹೌದು ಅಂದರು. ಅವನು ಇಲ್ಲ, ನಿಜ ಹೇಳುತ್ತಿದ್ದೇನೆ ಎಂದ. ಹಾಗಾದರೆ ಇದನ್ನು ಕುಡಿದು ಹೇಳು ಎಂದು ತಮ್ಮ ಲೋಟವನ್ನೇ ಅವನ ಬಾಯಿಗಿಟ್ಟರು. ಕುಡಿದ. ತಣ್ಣಗೆ, ಒದ್ದೆಯಾಗಿ ಏನೋ ಇಳಿದು ಹೋಯಿತು. ಏನೂ ಗೊತ್ತಾಗುವುದಿಲ್ಲ ಎಂದ. ನಗು ಇನ್ನೂ ಏರಿತು. ಯಾರೋ ಚಪ್ಪಾಳೆ ತಟ್ಟಿದರು. ಬೀದಿಯುದ್ದಕ್ಕೂ ಅದು ಹರಡಿತು. ಮೇಷ್ಟ್ರ ಹೆಂಡತಿ ಮೇಷ್ಟ್ರನ್ನು ತಿವಿದು, ನೋಡಿ ಕಲೀರಿ ಎಂದಳು. ಈಗ ಜನ ಪಾತ್ರೆಯ ಹತ್ತಿರ ಬಂದು, ಉಪ್ಪಾದರೇನು, ಪ್ರೀತಿಯ ಸಾರು ಎಂದು ಬೇಕೆಂದೇ ತಟ್ಟೆ ಒಡ್ಡಿದರು. ಜೀವನದಲ್ಲಿ ಒಮ್ಮೆ ನಿಜ ಹೇಳಿ ಅವನು ಇಷ್ಟೊಂದು ಮರ್ಯಾದೆ ಸಂಪಾದಿಸಿದ್ದ. ನೆಲ ಬಾಯಿ ಬಿಡಬಾರದೇ ಎನಿಸಿತು. ಚಪ್ಪಾಳೆ ತಟ್ಟದೆ ನಿಂತಿದ್ದವಳು ಗುಂಪಿನಲ್ಲಿ ಒಬ್ಬಳೇ, ಪ್ರಯೋಗಾಲಯದಾಕೆ. ಅವಳು ಲೋಟದಿಂದ ಒಂದು ಗುಟುಕು ತೆಗೆದುಕೊಂಡು, ಅವನ ಕಣ್ಣಿಗೆ ಕಣ್ಣು ಕೊಟ್ಟು, ಎಡಹುಬ್ಬನ್ನು ಬಹಳ ನಿಧಾನವಾಗಿ, ಮಗುವಿಗೆ ಅಕ್ಷರ ತೋರಿಸಿಕೊಡುವ ಹಾಗೆ ಎತ್ತಿ ಇಳಿಸಿದಳು. ಆ ಹುಬ್ಬು ಬೇಸಿಗೆಯಿಡೀ ತನಗಾಗಿಯೇ ಏರುತ್ತಿತ್ತು ಎಂದು ಅವನಿಗೆ ಆಗ ಅರ್ಥವಾಯಿತು.

ಗುಂಪು ಪೀಪಾಯಿಗಳ ಕಡೆ ಸರಿಯಿತು. ಹೆಂಡತಿ ಪಾತ್ರೆಗೆ ಮುಚ್ಚಳ ಹಾಕಿ, ಬಾಗಿಲ ಮೆಟ್ಟಿಲ ಮೇಲೆ ಕೂತಳು. ಅವನೂ ಕೂತ, ಒಂದಿಷ್ಟು ಜಾಗ ಬಿಟ್ಟು. ಅವಳು ಮೊಣಕಾಲ ಮೇಲೆ ಸಾರು ಅಂಟಿದ್ದ ಕಡೆ ಉಗುರಿನಿಂದ ಕೆರೆಯುತ್ತಿದ್ದಳು. ಅವರೆಲ್ಲ ನಂಬದಿದ್ದರೂ ಇವಳು ನಂಬಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಅವನ ಕಡೆ ನೋಡದೆ ಕೇಳಿದಳು:

"ಅವತ್ತು ಮೀನು ಮಾಡಿದ್ನಲ್ಲ. ಮೊದಲನೇ ಸಲ ಸರಿಯಾಗಿದೆ ಅಂದ್ರಲ್ಲ. ಅವತ್ತೂ?"

ಅವನು ಹೂಂ ಎಂದ. ಅವಳು ಹೂಂ ಎಂದಳು. ಬೀದಿಯಲ್ಲಿ ಜನ ಕುಣಿಯತೊಡಗಿದ್ದರು. ಅವಳು ಒಂದೊಂದೇ ದಿನವನ್ನು ಹಿಂದಕ್ಕೆ ತಿರುವಿ ನೋಡುತ್ತಿದ್ದಾಳೆ, ಒಂದೊಂದು ಅಡುಗೆಯ ಮೇಲಿನಿಂದಲೂ ಆ ಮಾತನ್ನು ಕಿತ್ತು ತೆಗೆಯುತ್ತಿದ್ದಾಳೆ ಎಂದು ಅವನಿಗೆ ಅನಿಸಿತು. ಏನಾದರೂ ಹೇಳಬೇಕು, ಕ್ಷಮಿಸು ಎನ್ನಬೇಕು. ಆ ಮಾತಿಗೂ ತನ್ನ ಬಾಯಿಯಲ್ಲಿ ಈಗ ಯಾವ ರುಚಿಯೂ ಇರಲಾರದು ಎನಿಸಿತು.

"ನಾನು ಅಡುಗೆ ಕಲಿತುಬಿಟ್ಟೆ ಅಂದ್ಕೊಂಡಿದ್ದೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅದಕ್ಕೇ ಮೇಜು ಹಾಕಿದ್ದು."

ಮತ್ತೆ ಕೇಳಿದಳು, ಉಪ್ಪು ಹಾಕುವುದಕ್ಕೆ ಮುಂಚೆ ಹೇಗಿತ್ತು ಎಂದು. ಅವನು ಗೊತ್ತಿಲ್ಲ ಎಂದ. ಇಡೀ ದಿನ ಅವನು ಆಡಿದ ಮಾತುಗಳಲ್ಲಿ ಇದಕ್ಕಿಂತ ಸಣ್ಣದು ಬೇರೆ ಇರಲಿಲ್ಲ. ಅವಳಿಗೆ ಬೇಕಾದದ್ದು ಆ ಒಂದೇ ಉತ್ತರವಾಗಿತ್ತು.

ಮೇಲಿನಿಂದ ಹಗ್ಗ ಕಿರುಗುಟ್ಟಿತು. ನರ್ಸಮ್ಮನ ಬುಟ್ಟಿ ದೀಪದ ತಂತಿಗೆ ಒಮ್ಮೆ ಸಿಕ್ಕಿ, ಬಿಡಿಸಿಕೊಂಡು, ಅವಳ ಮುಂದೆ ಬಂದು ತೂಗಾಡಿತು. ಒಳಗೆ ಮಧ್ಯಾಹ್ನದ ಡಬ್ಬಿ. ತಿಂದು ಮಲಗಿಬಿಟ್ಟಿದ್ದೆ ಕಣೇ, ಈಗ ಎದ್ದೆ ಎಂದು ಬಾಲ್ಕನಿಯ ಕತ್ತಲಿನಿಂದ ದನಿ ಬಂತು. ಕೆಳಗೆ ನಡೆದದ್ದು ಯಾವುದೂ ಆ ದನಿಗೆ ಗೊತ್ತಿರಲಿಲ್ಲ. ಇನ್ನೊಂದು ಚೂರು ಉಳಿದಿದ್ದರೆ ಹಾಕಿ ಕಳಿಸು, ನಾಚಿಕೆ ಬಿಟ್ಟು ಕೇಳ್ತಿದ್ದೀನಿ ಎಂದು ಸೇರಿಸಿ ಅದು ಒಳಗೆ ಹೋಯಿತು. ಅವಳು ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಮುಚ್ಚಳ ತೆಗೆದಳು. ಡಬ್ಬಿ ಬ್ರೆಡ್ಡಿನಿಂದ ಒರೆಸಿದ ಹಾಗೆ ಬರಿದಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ, ಬೆರಳು ಹೋಗದ ಕಡೆ, ಒಂದಿಷ್ಟು ಗಟ್ಟಿ ಸಾರು ಅಂಟಿ ಉಳಿದಿತ್ತು. ಅವಳು ಅದನ್ನು ನೋಡುತ್ತ ಕೂತಳು. ಅಭ್ಯಾಸಬಲದಿಂದ ಡಬ್ಬಿ ತುಸು ಅವನ ಕಡೆಗೆ ಬಂತು. ಅಭ್ಯಾಸಬಲದಿಂದ ಅವನ ಕೈ ಮುಂದಕ್ಕೆ ಹೋಯಿತು. ಅವಳು ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಂಡಳು.

ಕಿರುಬೆರಳಿನ ಉಗುರಿನಿಂದ ಮೂಲೆಯನ್ನು ಕೆರೆದಳು. ಬೆರಳನ್ನು ಬಾಯಿಗೆ ಇಟ್ಟುಕೊಂಡಳು. ಎಷ್ಟು ವರ್ಷಗಳ ಮೇಲೋ, ಅವಳು ತನ್ನ ಕೈಯ ಅಡುಗೆಯನ್ನು, ಯಾರ ಮುಖವನ್ನೂ ನೋಡದೆ, ಕಣ್ಣು ತೆರೆದುಕೊಂಡೇ ರುಚಿ ನೋಡಿದಳು. ಅವನು ಅವಳ ಮುಖವನ್ನು ಓದಲು ನೋಡಿದ. ಹುಬ್ಬು ಏರಲಿಲ್ಲ, ತುಟಿ ಒಳಗೆ ಹೋಗಲಿಲ್ಲ. ಅವನಿಗೆಂದು ಅಲ್ಲಿ ಏನೂ ಬರೆದಿರಲಿಲ್ಲ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಸರಿಯಾಗಿತ್ತು," ಎಂದಳು.

ಆಮೇಲೆ ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಒತ್ತಿ, ತೊಳೆಯಲು ಒಳಗೆ ಹೋದಳು.